ಬಾಲವಿರುವ ಇಲಿ, ಬಾಲವಿಲ್ಲದ ಇಲಿ

ಏನೂ ಇಲ್ಲದವನಿಗೆ ಕಷ್ಟವುಂಟು, ಗೊಂದಲವಿಲ್ಲ. ಒಂದೇ ಅಂಗಿಯುಳ್ಳವನು ಬೆಳಗ್ಗೆ ಎದ್ದು ಇಂದು ಯಾವ ಅಂಗಿ ತೊಡಲಿ ಎಂದು ಚಿಂತಿಸುವುದಿಲ್ಲ. ಎರಡನೆಯ ಅಂಗಿ ಮನೆಗೆ ಬಂದ ದಿನ ಅದರ ಬೆನ್ನಿಗೇ ಚಿಂತೆಯೂ ಒಳಗೆ ಬರುತ್ತದೆ. ನನ್ನ ಇಪ್ಪತ್ತು ವರ್ಷಗಳ ಬಾಳಿನಲ್ಲಿ ಆಯ್ಕೆ ಎಂಬ ಸಂಕಟ ಒದಗಿದ್ದು ಬಹಳ ಕಡಿಮೆ. ನಮ್ಮೂರಿನಲ್ಲಿ ಇದ್ದದ್ದು ಒಂದೇ ಶಾಲೆ. ಪೇಟೆಗೆ ಬರುವುದು ಬೆಳಗ್ಗೆ ಒಂದೇ ಬಸ್ಸು. ನಮ್ಮ ಕೈಗೆ ಎಟುಕಿದ್ದು ಒಂದೇ ಕಾಲೇಜು. ಹೀಗಾಗಿ ಪೇಟೆಯ ಕಂಪ್ಯೂಟರ್ ಅಂಗಡಿಯವರು ಎರಡು ಪೆಟ್ಟಿಗೆಗಳನ್ನು ಮೇಜಿನ ಮೇಲಿಟ್ಟು, "ವೈರ್ ಇರೋದು ಕೊಡಲೋ, ವೈರ್‌ಲೆಸ್ ಕೊಡಲೋ?" ಎಂದು ಕೇಳಿದಾಗ, ಓದದೆ ಬಿಟ್ಟ ಅಧ್ಯಾಯದಿಂದಲೇ ಪ್ರಶ್ನೆ ಬಂದ ವಿದ್ಯಾರ್ಥಿಯಂತೆ ನಾನು ನಿಂತುಬಿಟ್ಟೆ. "ನಾಳೆ ಬರ್ತೀನಿ ಸಾರ್" ಎಂದು ಹೇಳಿ ಹೊರಬಿದ್ದೆ. ಆ ನಾಳೆ ಬರಲು ಎರಡು ವಾರ ಹಿಡಿಯಿತು.

ನನಗೆ ಕೀಲಿಮಣೆ ಏಕೆ ಬೇಕಾಯಿತೆಂಬುದನ್ನು ಮೊದಲು ಹೇಳಬೇಕು. ನನ್ನ ಬಳಿ ಒಂದು ಹಳೆಯ ಲ್ಯಾಪ್‌ಟಾಪ್ ಇದೆ. ಅದು ನನ್ನಲ್ಲಿಗೆ ಬರುವ ಮುಂಚೆ ಎಷ್ಟು ಕೈ ಕಂಡಿತ್ತೋ ದೇವರೇ ಬಲ್ಲ. ಅದರಲ್ಲಿ ಎರಡು ಕೀಲಿಗಳು ಕೆಲಸ ಮಾಡುವುದಿಲ್ಲ: 'ಎ' ಮತ್ತು 'ಎಫ್'. ನೂರಕ್ಕೆ ಹತ್ತಿರದ ಕೀಲಿಗಳಲ್ಲಿ ಎರಡು ಸತ್ತರೆ ಏನಾಯಿತು ಎನ್ನಬೇಡಿ. ಕೆ. ಪಿ. ರಾವ್ ಅವರು ಕನ್ನಡಕ್ಕೆ ರೂಪಿಸಿದ ಕೀಲಿಮಣೆಯ ವಿನ್ಯಾಸದಲ್ಲಿ, 'ನುಡಿ'ಯಲ್ಲಿ ನಾವೆಲ್ಲ ಒತ್ತುವುದು ಅದನ್ನೇ, 'ಎ' ಒತ್ತಿದರೆ 'ಅ' ಮೂಡುತ್ತದೆ. ಒಂದು ವ್ಯಂಜನದ ಕೆಳಗೆ ಇನ್ನೊಂದು ವ್ಯಂಜನವನ್ನು ಒತ್ತಾಗಿ ತರುವುದು 'ಎಫ್' ಕೀಲಿ. 'ಎ' ಇಲ್ಲದೆ ಅಕಾರವಿಲ್ಲ, 'ಎಫ್' ಇಲ್ಲದೆ ಒತ್ತಕ್ಷರವಿಲ್ಲ. ಎಂದರೆ ನನ್ನ ಯಂತ್ರದಲ್ಲಿ 'ಅವ್ವ' ಎಂದಾಗಲಿ 'ಅಪ್ಪ' ಎಂದಾಗಲಿ ಬರೆಯುವಂತಿಲ್ಲ! 'ಕನ್ನಡ' ಎಂಬ ಮಾತೇ 'ಕನನಡ' ಆಗುತ್ತಿತ್ತು. ಒಳಗಿನ ಕೀಲಿಮಣೆಯನ್ನು ಬದಲಿಸುವುದಕ್ಕೆ ಕೇಳಿದ ಹಣಕ್ಕೆ ಹೊರಗಿನಿಂದ ಜೋಡಿಸುವಂಥವು ಎರಡು ಬರುತ್ತಿದ್ದವು. ಆದ್ದರಿಂದ ಹೊರಗಿನದೇ ಲೇಸೆಂದು ತೀರ್ಮಾನಿಸಿದೆ. ಅದರ ಜೊತೆಗೆ ಒಂದು ಮೌಸೂ ಇರಲಿ ಎಂದುಕೊಂಡೆ. ಅವ್ವ ಸಂಘದಲ್ಲಿ ಉಳಿಸಿದ್ದ ಒಂದು ಸಾವಿರ ರೂಪಾಯಿಯನ್ನು ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟಳು.

"ಏನ್ಲಾ ಅದು ತರೋದು?" ಎಂದು ಅಪ್ಪ ಕೇಳಿದ.

"ಕೀಬೋರ್ಡು, ಆಮೇಲೆ ಮೌಸು."

"ಮೌಸು ಅಂದ್ರೆ?"

"ಇಲಿ ಕಣಪ್ಪಾ."

"ದುಡ್ಡು ಕೊಟ್ಟು ಇಲಿ ತರ್ತೀಯಾ? ಅಟ್ಟದ ಮೇಲೆ ಬೇಕಾದಷ್ಟವೆ, ಹಿಡ್ಕೊಂಡೋಗು!"

ಅಪ್ಪನ ಮಾತಿಗೆ ನಕ್ಕೆ. ಆದರೆ ಬಸ್ಸಿನಲ್ಲಿ ಕುಳಿತ ಮೇಲೆ, ಈ ಪ್ರಾಣಿಗೆ ಇಲಿಯೆಂಬ ಹೆಸರು ಏಕೆ ಬಂತೆಂದು ನಿಜವಾಗಿಯೂ ಯೋಚನೆ ಹತ್ತಿತು. ಹುಡುಕಿ ಓದಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಎಂಬಾತ ಇದನ್ನು ಯೋಚಿಸಿದ. ಬಿಲ್ ಇಂಗ್ಲಿಷ್ ಎಂಬ ಸಹೋದ್ಯೋಗಿ 1964ರಲ್ಲಿ ಮಾಡಿಕೊಟ್ಟ. ಅದು ಒಂದು ಮರದ ಡಬ್ಬಿ. ಕೆಳಗೆ ಒಂದಕ್ಕೊಂದು ಲಂಬವಾಗಿ ಎರಡು ಚಕ್ರ, ಮೇಲೆ ಒಂದು ಗುಂಡಿ. 1968ರ ಡಿಸೆಂಬರ್ 9ರಂದು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಸಭೆಯ ಎದುರು ಅದನ್ನು ಆಡಿಸಿ ತೋರಿಸಿದಾಗ ಜನ ಬೆರಗಾದರು. ಪುಟ್ಟ ಮೈಯಿಂದ ಒಂದು ತಂತಿ ಹೊರಟು ಬಾಲದಂತೆ ಕಾಣುತ್ತಿದ್ದುದರಿಂದ ಇಲಿ ಎಂದರು. ಮೊದಲು ಹಾಗೆ ಕರೆದವರು ಯಾರೆಂಬುದು ಎಂಗೆಲ್‌ಬಾರ್ಟನಿಗೇ ನೆನಪಿರಲಿಲ್ಲವಂತೆ. ಲೋಕದಲ್ಲಿ ಚೆನ್ನಾಗಿ ಅಂಟಿಕೊಳ್ಳುವ ಅಡ್ಡಹೆಸರುಗಳ ಹಣೆಬರಹವೇ ಅದು. ಇಟ್ಟವರು ಮರೆಯಾಗುತ್ತಾರೆ, ಹೆಸರು ಉಳಿಯುತ್ತದೆ. ಅಂತೂ ಬಾಲದಿಂದಲೇ ಹೆಸರು ಪಡೆದ ಪ್ರಾಣಿ ಈಗ ಬಾಲವನ್ನೇ ಕಳೆದುಕೊಂಡು ಅಂಗಡಿಯಲ್ಲಿ ಹೆಚ್ಚು ಬೆಲೆಗೆ ಕುಳಿತಿದೆ. ಬಾಲ ಕತ್ತರಿಸಿದ ಮೇಲೂ ಇಲಿ ಇಲಿಯೇ ಎಂಬುದನ್ನು ತರ್ಕಶಾಸ್ತ್ರದ ನಮ್ಮ ಮೇಷ್ಟರು ಒಪ್ಪುತ್ತಾರೋ ಇಲ್ಲವೋ!

ಪ್ರಶ್ನೆ ದೊಡ್ಡದಾದಾಗ ಹಿರಿಯರನ್ನು ಕೇಳಬೇಕೆಂಬುದು ನಮ್ಮ ಕಡೆಯ ರೂಢಿ. ನಾನು ಮೊದಲು ಕೇಳಿದ್ದು ಕಾಲೇಜಿನ ಕಂಪ್ಯೂಟರ್ ಕೊಠಡಿಯ ಸಹಾಯಕರನ್ನು. ಅವರು ಸೇವೆಯಲ್ಲಿ ಹಣ್ಣಾದವರು. ಅವರ ಬೀರುವಿನಲ್ಲಿ ಹಳೆಯ ಕಾಲದ ಕೀಲಿಮಣೆಗಳೂ ಇವೆ. ಅವುಗಳ ತುದಿಯಲ್ಲಿ ದುಂಡನೆಯ ನೇರಳೆ ಬಣ್ಣದ ಪಿನ್ನು, ಮೌಸಿನದಾದರೆ ಹಸಿರು. 1987ರಲ್ಲಿ ಐಬಿಎಂ ಕಂಪನಿಯ ಪಿಎಸ್/2 ಯಂತ್ರದೊಡನೆ ಬಂದ ಆಕಾರವದು. ಬಣ್ಣ ಆಮೇಲೆ ಸೇರಿದ್ದು. ಚಪ್ಪಟೆ ಬಾಯಿಯ ಯುಎಸ್‌ಬಿ 1996ರಲ್ಲಿ ಬಂದು ನಿಧಾನವಾಗಿ ಎಲ್ಲವನ್ನೂ ನುಂಗಿತು. ಇವೆಲ್ಲವನ್ನೂ ತೋರಿಸಿ ವಿವರಿಸಿದ ಮೇಲೆ ಅವರು ನೀಡಿದ ತೀರ್ಪು ಒಂದೇ ವಾಕ್ಯದ್ದು: "ನೋಡಪ್ಪ, ಹುಡುಗರು ಓಡಾಡೋ ಜಾಗದಲ್ಲಿ ಬಾಲ ಇಲ್ಲದ ಇಲಿ ಬಿಟ್ಟರೆ ವಾರದೊಳಗೆ ಬಿಲ ಸೇರ್ಕೊಳ್ತದೆ."

ಎರಡನೆಯವನು ಹಾಸ್ಟೆಲಿನ ನನ್ನ ಗೆಳೆಯ. ಅವನು ನಿಸ್ತಂತು ಪಕ್ಷದ ಕಟ್ಟಾಳು. "ಈ ಕಾಲದಲ್ಲೂ ದಾರ ಕಟ್ಕೊಂಡು ಕೂರ್ತೀಯೇನೋ?" ಎಂಬುದು ಅವನ ವಾದದ ಮೊದಲನೆಯ ಮತ್ತು ಕೊನೆಯ ಅಂಶ. ಆದರೆ ಅವನ ಮಾತಿನಲ್ಲಿ ಹುರುಳಿಲ್ಲವೆಂದು ಹೇಳಲಾರೆ. ನನ್ನ ಲ್ಯಾಪ್‌ಟಾಪಿನಲ್ಲಿ ಬದುಕಿರುವ ಯುಎಸ್‌ಬಿ ಬಾಯಿಗಳು ಎರಡೇ. ತಂತಿಯ ಕೀಲಿಮಣೆಗೆ ಒಂದು, ತಂತಿಯ ಮೌಸಿಗೆ ಒಂದು ಎಂದು ಕೊಟ್ಟರೆ ಪೆನ್‌ಡ್ರೈವಿಗೆ ಜಾಗವೇ ಇಲ್ಲ. ನಿಸ್ತಂತು ಜೋಡಿಯಾದರೆ ಉಗುರಿನಷ್ಟು ದೊಡ್ಡ ಒಂದು ಗ್ರಾಹಕವನ್ನು, ಅದನ್ನು ಎಲ್ಲರೂ ಡಾಂಗಲ್ ಎನ್ನುತ್ತಾರೆ, ಒಂದು ಬಾಯಿಗೆ ಸಿಕ್ಕಿಸಿದರೆ ಎರಡಕ್ಕೂ ಸಾಕು. ಮೇಜು ಚೊಕ್ಕಟ, ತರಗತಿಯಲ್ಲಿ ಪರದೆಯ ಮೇಲೆ ಪಾಠ ತೋರಿಸುವ ಮೇಷ್ಟರಾದರೆ ಹಿಂದಿನ ಬೆಂಚಿನವರೆಗೂ ನಡೆದು ಹೋಗಿ ಅಲ್ಲಿಂದಲೇ ಪುಟ ತಿರುಗಿಸಬಹುದು. ಇದು ಸಣ್ಣ ಅನುಕೂಲವಲ್ಲ. ಹಿಂದಿನ ಬೆಂಚಿನವರಿಗೆ ಮಾತ್ರ ಇದು ಅನುಕೂಲವಲ್ಲ.

ಅದೆಲ್ಲ ಸರಿ, ತಂತಿಯಿಲ್ಲದೆ ಅಕ್ಷರ ಹೋಗುವುದಾದರೂ ಹೇಗೆ? ಕಲಾ ವಿಭಾಗದವನಾದ ನನಗೆ ಇದು ಪವಾಡದಂತೆಯೇ ಇತ್ತು. ತಿಳಿದುಕೊಂಡ ಮೇಲೆ ಪವಾಡ ಕಡಿಮೆಯಾಯಿತು, ಬೆರಗು ಹೆಚ್ಚಿತು. ಕೀಲಿಯನ್ನು ಒತ್ತಿದರೆ ಮಣೆಯೊಳಗಿನ ಚಿಪ್ಪು ಆ ಕೀಲಿಯ ಸಂಕೇತವನ್ನು ರೇಡಿಯೋ ಅಲೆಯ ಮೇಲೆ ಏರಿಸಿ ಬಿಡುತ್ತದೆ. ಡಾಂಗಲ್ ಅದನ್ನು ಹಿಡಿದು, ತಾನೇ ತಂತಿಯ ಕೀಲಿಮಣೆಯೋ ಎಂಬಂತೆ ಕಂಪ್ಯೂಟರಿಗೆ ಒಪ್ಪಿಸುತ್ತದೆ. ಈ ಅಲೆಗಳ ಓಡಾಟವೆಲ್ಲ 2.4 ಗಿಗಾಹರ್ಟ್ಸ್ ಎಂಬ ಬೀದಿಯಲ್ಲಿ. ಆ ಬೀದಿಯಲ್ಲಿ ಒಬ್ಬರೇ ಇಲ್ಲ. ವೈಫೈ ಅಲ್ಲೇ, ಬ್ಲೂಟೂತ್ ಅಲ್ಲೇ, ಮೈಕ್ರೋವೇವ್ ಒಲೆಯ ಅಲೆಯೂ ಅಲ್ಲೇ. ಸಂತೆಯ ದಿನದ ಪೇಟೆಬೀದಿ ಎನ್ನಿ. ಇಷ್ಟು ಗದ್ದಲದಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದಂತೆ ನಡೆಯಲು ಒಂದು ಉಪಾಯವಿದೆ: ನಿಂತಲ್ಲಿ ನಿಲ್ಲದೆ ಕಾಲುವೆಯಿಂದ ಕಾಲುವೆಗೆ ಹಾರುತ್ತ ಹೋಗುವುದು. ಮೊದಲ ಬಗೆಯ ಬ್ಲೂಟೂತ್ ಆ ಬೀದಿಯನ್ನು 79 ಕಾಲುವೆಗಳಾಗಿ ಸೀಳಿಕೊಂಡು ಸೆಕೆಂಡಿಗೆ 1600 ಸಲ ಹಾರುತ್ತದೆ. ಹೀಗೆ ಹಾರಿ ಮಾತನಾಡುವ ಯೋಚನೆಗೆ 1942ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದವರಲ್ಲಿ ಹಾಲಿವುಡ್ ನಟಿ ಹೆಡಿ ಲಮಾರ್ ಒಬ್ಬಳು. ಇನ್ನೊಬ್ಬ ಜಾರ್ಜ್ ಆಂಥೈಲ್ ಎಂಬ ಸಂಗೀತ ರಚನಕಾರ. ಯುದ್ಧದ ಟಾರ್ಪಿಡೋವನ್ನು ಶತ್ರುಗಳು ದಾರಿ ತಪ್ಪಿಸದಿರಲೆಂದು ಅವರು ಯೋಚಿಸಿದ್ದರು. ನಟಿಗೂ ಸಂಗೀತಗಾರನಿಗೂ ರೇಡಿಯೋ ವಿದ್ಯೆ ಒಲಿಯಿತೆಂದ ಮೇಲೆ ಬಿ.ಎ. ಓದುವವರು ನಾವೇನೂ ಹೆದರಬೇಕಾಗಿಲ್ಲ.

ಬ್ಲೂಟೂತ್ ಎಂಬ ಹೆಸರೂ ನಮ್ಮ ಇತಿಹಾಸ ವಿಭಾಗಕ್ಕೆ ಸೇರಿದ್ದೇ. ಹತ್ತನೆಯ ಶತಮಾನದಲ್ಲಿ ಡೆನ್ಮಾರ್ಕನ್ನು ಆಳಿದ ಹೆರಾಲ್ಡ್ ಎಂಬ ದೊರೆಗೆ ನೀಲಿಹಲ್ಲಿನವ ಎಂಬ ಅಡ್ಡಹೆಸರಿತ್ತು. ಆತ ಚದುರಿದ್ದ ಸೀಮೆಗಳನ್ನು ಒಂದುಗೂಡಿಸಿದನೆಂದು ಕೀರ್ತಿ. ಚದುರಿದ ಯಂತ್ರಗಳನ್ನು ಒಂದುಗೂಡಿಸುವ ಈ ವಿದ್ಯೆಗೆ ಅವನ ಹೆಸರಿಟ್ಟರು. ಆ ಚಿಹ್ನೆಯಲ್ಲಿ ಕಾಣುವುದು ಅವನ ಹೆಸರಿನ ಎರಡು ಮೊದಲಕ್ಷರಗಳು, ಆ ನಾಡಿನ ಹಳೆಯ ರೂನ್ ಲಿಪಿಯಲ್ಲಿ. ಅಲ್ಲಿ ಆತ ಆಳುತ್ತಿದ್ದ ಶತಮಾನದಲ್ಲೇ ಇಲ್ಲಿ ನಮ್ಮ ಪಂಪ, ಪೊನ್ನ, ರನ್ನರು ಕಾವ್ಯ ಬರೆಯುತ್ತಿದ್ದರು. ನುಡಿಯ ಪರದೆಯ ಮೇಲೆ ರನ್ನನ ಪದ್ಯವನ್ನು ನಿಸ್ತಂತು ಕೀಲಿಮಣೆಯಿಂದ ಹೊಡೆಯುವಾಗ, ಒಂದೇ ಶತಮಾನದ ಇಬ್ಬರು ಸಾವಿರ ವರ್ಷದ ಮೇಲೆ ಒಂದೇ ಮೇಜಿನಲ್ಲಿ ಸೇರುತ್ತಾರಲ್ಲ ಎಂದು ನನಗೆ ಸಂತೋಷವಾಯಿತು.

ಸಂತೋಷ ಬೇರೆ, ಸಾವಿರ ರೂಪಾಯಿ ಬೇರೆ. ಲೆಕ್ಕ ಹಾಕಲು ಕುಳಿತೆ. ನಿಸ್ತಂತು ಜೋಡಿಗೆ ಅಂಗಡಿಯವರು ಹನ್ನೊಂದು ನೂರು ಹೇಳಿ ಸಾವಿರಕ್ಕೆ ಇಳಿದಿದ್ದರು. ತಂತಿಯದಾದರೆ ಕೀಲಿಮಣೆ ಐನೂರು, ಮೌಸ್ ಇನ್ನೂರ ಐವತ್ತು. ನಿಸ್ತಂತುವಿಗೆ ಬೆಲೆಯ ಮೇಲೆ ಬ್ಯಾಟರಿ ಸೆಲ್ಲಿನ ಖರ್ಚು. ಒಂದು ಜೊತೆ ಸೆಲ್ಲು ತಿಂಗಳುಗಟ್ಟಲೆ ಬರುತ್ತದೆ, ಸುಳ್ಳಲ್ಲ. ಆದರೆ ಮುಗಿಯುವ ದಿನವನ್ನು ಅದು ಮುಂಚಿತವಾಗಿ ಪತ್ರ ಬರೆದು ತಿಳಿಸುವುದಿಲ್ಲ. ತಂತಿಯದಕ್ಕೆ ಅನ್ನವೂ ತಂತಿಯಿಂದಲೇ. ಕಂಪ್ಯೂಟರಿನಿಂದ ಐದು ವೋಲ್ಟ್ ಸದಾ ಹರಿದು ಬರುತ್ತಿರುತ್ತದೆ.

ಇನ್ನು ವೇಗದ ಮಾತು. ನಿಸ್ತಂತುವಿನಲ್ಲಿ ಅಕ್ಷರ ತಡವಾಗಿ ಬರುತ್ತದೆಂದು ಕೆಲವರು ಹೆದರಿಸಿದರು. ನಾನು ಬೆರಳಚ್ಚು ಪರೀಕ್ಷೆಗೆ ಅಭ್ಯಾಸ ಮಾಡುತ್ತಿರುವವನು. ಹೆದರದೆ ಇರುವುದು ಹೇಗೆ? ಕೇಂದ್ರದ ಸಿಬ್ಬಂದಿ ಆಯ್ಕೆ ಆಯೋಗದವರು ಗುಮಾಸ್ತೆಯ ಹುದ್ದೆಗೆ ಇಂಗ್ಲಿಷಿನಲ್ಲಿ ನಿಮಿಷಕ್ಕೆ 35 ಪದ ಕೇಳುತ್ತಾರೆ; ಗಂಟೆಗೆ 10,500 ಕೀಲಿ ಒತ್ತಿದಂತೆ. ಗಂಟೆಗೆ 3,600 ಸೆಕೆಂಡು. ಭಾಗಿಸಿದರೆ ಸೆಕೆಂಡಿಗೆ ಮೂರು ಕೀಲಿಯೂ ಪೂರಾ ಆಗುವುದಿಲ್ಲ. ಎರಡು ಕೀಲಿಗಳ ನಡುವೆ ಸುಮಾರು 340 ಮಿಲಿಸೆಕೆಂಡು ಬಿಡುವು. ಮಾಮೂಲಿ ತಂತಿಯ ಮೌಸನ್ನೇ ಕಂಪ್ಯೂಟರು "ಏನಾದರೂ ಸಮಾಚಾರವೇ?" ಎಂದು ವಿಚಾರಿಸುವುದು ಸೆಕೆಂಡಿಗೆ 125 ಸಲ, ಎಂದರೆ 8 ಮಿಲಿಸೆಕೆಂಡಿಗೊಮ್ಮೆ. ಒಳ್ಳೆಯ ಸ್ಥಿತಿಯಲ್ಲಿರುವ ನಿಸ್ತಂತು ಕೀಲಿಮಣೆ ಇದಕ್ಕೆ ಇನ್ನಷ್ಟು ಮಿಲಿಸೆಕೆಂಡು ಸೇರಿಸಿದರೂ ನನ್ನ ಬೆರಳಿನ ನಿಧಾನದ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಆಟದಲ್ಲಿ ಗುಂಡು ಹಾರಿಸುವವರು ಆ ಚಿಂತೆ ಮಾಡಲಿ. ತಡವಾಗುತ್ತದೆಂಬ ಆಪಾದನೆಯಿಂದ ನಿಸ್ತಂತುವನ್ನು ನಾನು ಆ ರಾತ್ರಿಯೇ ಖುಲಾಸೆ ಮಾಡಿದೆ. ಮರುದಿನ ಸಾವಿರ ರೂಪಾಯಿಯನ್ನು ಜೇಬಿನಲ್ಲಿಟ್ಟುಕೊಂಡು ನಿಸ್ತಂತು ಜೋಡಿಯನ್ನೇ ತರುವುದೆಂದು ಮನಸ್ಸು ಮಾಡಿ ಮಲಗಿದೆ.

ಆ ಮರುದಿನ ನಡೆದದ್ದನ್ನು ಬರೆಯುವುದಕ್ಕಾಗಿಯೇ ನಾನು ಈ ಲೇಖನಕ್ಕೆ ಕೈಹಾಕಿದ್ದು. ಇದುವರೆಗೂ ನಗುತ್ತ ಬಂದೆ. ಇನ್ನು ಸ್ವಲ್ಪ ನಗು ಕಡಿಮೆ.

ಕಾಲೇಜು ಬಿಟ್ಟ ಮೇಲೆ ಸಂಜೆ ಎರಡು ಗಂಟೆ ನಾನು ಒಂದು ಜೆರಾಕ್ಸ್ ಅಂಗಡಿಯಲ್ಲಿ ಬೆರಳಚ್ಚಿನ ಕೆಲಸ ಮಾಡುತ್ತೇನೆ. ಬರುವವರು ಹೆಚ್ಚಾಗಿ ಹಳ್ಳಿಯವರು, ಬರೆಸುವುದು ಅರ್ಜಿ. ಅಂಗಡಿಯ ಮಾಲೀಕರು ಮೇಜು ಅಂದವಾಗಿರಲೆಂದು ನಿಸ್ತಂತು ಕೀಲಿಮಣೆ ಇಟ್ಟಿದ್ದರು. ಕೆಲವು ದಿನಗಳಿಂದ ಅದು ಸ್ವಲ್ಪ ಮೊಂಡಾಟ ಮಾಡುತ್ತಿತ್ತು. ಒಮ್ಮೊಮ್ಮೆ ಒಂದು ಅಕ್ಷರ ಬಿಟ್ಟುಹೋಗುವುದು. ಒಮ್ಮೊಮ್ಮೆ, ಕೀಲಿಯಿಂದ ಬೆರಳೆತ್ತಿದ ಸುದ್ದಿ ಡಾಂಗಲಿಗೆ ತಲುಪದೆ, ಒಂದೇ ಅಕ್ಷರ ಸಾಲಾಗಿ ಬಂದುಬಿಡುವುದು. 'ಮಾನ್ಯರೇ' ಎಂದು ಹೊಡೆಯಲು ಹೋದರೆ 'ಮಾನಯರರರರೇ' ಎಂದಾಗುವುದು. ನೋಡಿ ನಗುವುದು, ಅಳಿಸುವುದು, ಮತ್ತೆ ಹೊಡೆಯುವುದು. ಸೆಲ್ಲು ಮುಗಿಯುತ್ತ ಬಂದಿದೆಯೆಂದು ನನಗೆ ಗೊತ್ತಿತ್ತು. ನಾಳೆ ಹಾಕಿದರಾಯಿತು ಎಂದು ಬಿಟ್ಟಿದ್ದೆ.

ಆ ಸಂಜೆ ಒಬ್ಬ ಅಜ್ಜ ಬಂದರು. ಹಿಂದಿನ ವಾರ ಅವರಿಗೆ ಒಂದು ಅರ್ಜಿ ಬರೆದುಕೊಟ್ಟಿದ್ದು ನಾನೇ. ಅವರ ಹೊಲಕ್ಕೆ ಹೋಗುವ ಬಂಡಿದಾರಿಯನ್ನು ಪಕ್ಕದ ಹೊಲದವರು ಮುಳ್ಳು ಹಾಕಿ ಮುಚ್ಚಿದ್ದರು. ದಾರಿ ಬಿಡಿಸಿಕೊಡಬೇಕೆಂದು ತಹಸೀಲ್ದಾರರಿಗೆ ಅರ್ಜಿ. ಅವರ ಹೊಲದ ಸರ್ವೆ ನಂಬರು 112. ನಾನು ಹೊಡೆದ ಅರ್ಜಿಯಲ್ಲಿ ಇದ್ದದ್ದು 12. ಮೂರು ಅಂಕಿಗಳಲ್ಲಿ ಒಂದು ಗಾಳಿಯಲ್ಲೇ ಉದುರಿಹೋಗಿತ್ತು. 'ಅವ್ವ' 'ಅವವ' ಆದರೆ ಯಾರ ಕಣ್ಣಿಗಾದರೂ ಬೀಳುತ್ತದೆ. ಅಂಕಿ ಬಿದ್ದುಹೋದರೆ ಉಳಿದ ಅಂಕಿಗಳು ಏನೂ ಆಗದವರಂತೆ ಹತ್ತಿರ ಸರಿದು ನಿಂತುಬಿಡುತ್ತವೆ. ಅಂಕಿಗೆ ವ್ಯಾಕರಣವಿಲ್ಲ. ಕಚೇರಿಯಲ್ಲಿ 12ನೆಯ ನಂಬರಿನ ಪಹಣಿ ತೆಗೆದು ನೋಡಿ, ಇದು ನಿಮ್ಮ ಹೆಸರಿನಲ್ಲೇ ಇಲ್ಲವೆಂದು ಅರ್ಜಿಯನ್ನು ಹಿಂದಕ್ಕೆ ಕೊಟ್ಟಿದ್ದರು. ಅವರ ತಪ್ಪೇನೂ ಇಲ್ಲ. ಕಾಗದದಲ್ಲಿ ಇದ್ದದ್ದನ್ನು ಅವರು ನೋಡಿದರು. ಅಜ್ಜನಿಗೆ ಎರಡು ದಿನದ ಕೆಲಸ ಹೋಯಿತು, ಬಸ್ಸಿನ ಖರ್ಚು ಹೋಯಿತು. ಎಲ್ಲಕ್ಕಿಂತ ಹೆಚ್ಚಾಗಿ, ತನ್ನದಲ್ಲದ ಹೊಲಕ್ಕೆ ಅರ್ಜಿ ಹಾಕಿದವನೆಂದು ನಾಲ್ಕು ಜನರ ಎದುರು ತಲೆ ತಗ್ಗಿಸುವಂತಾಯಿತು.

ನನಗೆ ನಿಂತ ನೆಲ ಕುಸಿದಂತಾಯಿತು. ಹೊಸ ಸೆಲ್ಲು ಹಾಕಿ ಅರ್ಜಿಯನ್ನು ಮತ್ತೆ ಹೊಡೆದೆ. ಅಂಗಡಿಯ ಹಣ ಬೇಡವೆಂದೆ. ಜೇಬಿನಲ್ಲಿದ್ದ ಸಾವಿರದಿಂದ ಅವರ ಬಸ್ಸಿನ ಖರ್ಚನ್ನಾದರೂ ಕೊಡಲು ಹೋದೆ. ಅವರು ನನ್ನ ಕೈಯನ್ನು ಹಿಂದಕ್ಕೆ ತಳ್ಳಿ, "ಅದೆಲ್ಲ ಬ್ಯಾಡ ಕಣ್ ಮಗಾ. ನಂಗೆ ಓದಕ್ಕೆ ಬರಲ್ಲ. ನೀನೇ ಒಂದ್ಸಲ ಓದಿ ಹೇಳ್ಬುಡು, ಸಾಕು" ಎಂದರು.

ಓದಿ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. "ನೂರಾ ಹನ್ನೆರಡು" ಎಂಬ ಮಾತು ಬಂದಾಗ ತಲೆ ಆಡಿಸಿದರು. ಆಮೇಲೆ ಹೆಬ್ಬೆಟ್ಟು ಒತ್ತಿದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ತಪ್ಪು ಯಾರದು? ಕೀಲಿಮಣೆಯದು ಎನ್ನಬಹುದಿತ್ತು. ಆದರೆ ಕೀಲಿಮಣೆಗೆ ಸೆಲ್ಲಿನಲ್ಲಿ ಶಕ್ತಿಯಿಲ್ಲದಿದ್ದರೆ ಅದೇನು ಮಾಡೀತು? ಸೆಲ್ಲಿನದು ಎನ್ನೋಣವೆಂದರೆ, ಮುಗಿಯುವುದು ಸೆಲ್ಲಿನ ಧರ್ಮ. ನಾಳೆ ಹಾಕಿದರಾಯಿತೆಂದವನು ನಾನು. ಹೊಡೆದ ಮೇಲೆ ಮೂಲದೊಡನೆ ತಾಳೆ ನೋಡದವನು ನಾನು. ಮಹಾಭಾರತವನ್ನು ಬರೆದುಕೊಳ್ಳುವಾಗ ಗಣಪತಿ ವ್ಯಾಸರಿಗೆ ಒಂದು ಷರತ್ತು ಹಾಕಿದನಂತೆ: ನನ್ನ ಬರಹ ನಡುವೆ ನಿಲ್ಲಬಾರದು. ವ್ಯಾಸರು ತಿರುಗಿ ಒಂದು ಷರತ್ತು ಹಾಕಿದರು: ಅರ್ಥ ತಿಳಿಯದೆ ಒಂದು ಅಕ್ಷರವನ್ನೂ ಬರೆಯಬಾರದು. ಕಥೆಯನ್ನು ಚಿಕ್ಕಂದಿನಿಂದ ಕೇಳಿದ್ದೆ. ವೇಗಕ್ಕೆ ಪರೀಕ್ಷೆಯಿಡುವ ಲೋಕದಲ್ಲಿ ನಾನು ಗಣಪತಿಯ ಷರತ್ತನ್ನು ಮಾತ್ರ ಅಭ್ಯಾಸ ಮಾಡುತ್ತಿದ್ದೆ. ವ್ಯಾಸರ ಷರತ್ತನ್ನು ಮರೆತಿದ್ದೆ. ಇಲಿಯನ್ನು ಪಕ್ಕದಲ್ಲಿಟ್ಟುಕೊಂಡು ಬರೆದ ಮೊದಲನೆಯ ಲಿಪಿಕಾರ ಅವನೇ ಅಲ್ಲವೇ? ಅವನ ಇಲಿಗೆ ಬಾಲವಿತ್ತು ಎಂಬುದನ್ನು ಮಾತ್ರ ಇಲ್ಲಿ ಸೂಚಿಸಿ ಮುಂದೆ ಹೋಗುತ್ತೇನೆ.

ಇನ್ನೊಂದು ಮಾತೂ ಕಾಡಿತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಅಪ್ಪ ಇಂದಿಗೂ ಹೆಬ್ಬೆಟ್ಟು ಒತ್ತುವವನು. ಅವನ ಕಾಗದಗಳನ್ನೂ ಯಾವನೋ ಒಬ್ಬ ಹುಡುಗ ಯಾವುದೋ ಅಂಗಡಿಯಲ್ಲಿ ಕುಳಿತು ಬರೆದಿರಬೇಕು. ಅವನು ತಾಳೆ ನೋಡಿದನೋ ಇಲ್ಲವೋ! ಓದು ಬಲ್ಲವರು ನಾವು ಬರೆದದ್ದನ್ನು ಓದಿ ತಿದ್ದುತ್ತಾರೆ. ಓದು ಬಾರದವರು ನಮ್ಮ ಬೆರಳನ್ನು ನಂಬುತ್ತಾರೆ. ನಂಬಿದವರ ಮುಂದೆ ಬೆರಳು ಇನ್ನೂ ಹೆಚ್ಚು ಎಚ್ಚರವಾಗಿರಬೇಕು.

ಭಾನುವಾರ ಊರಿಗೆ ಹೋದಾಗ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾನೆಂದುಕೊಂಡಿದ್ದೆ. ಅವನು ಕೊಟ್ಟಿಗೆಯಲ್ಲಿ ಎಮ್ಮೆಗೆ ಹುಲ್ಲು ಹಾಕುತ್ತಿದ್ದವನು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಮಣೆ ಒಂದೇ ಕಡೆ ಕೂತಿರ್ತದೋ, ಓಡಾಡ್ತದೋ?" ಎಂದು ಕೇಳಿದ.

"ಒಂದೇ ಕಡೆ ಇರ್ತದೆ ಕಣಪ್ಪಾ. ಓಡಾಡೋದು ಇಲಿ ಮಾತ್ರ."

"ಮತ್ತೆ ಅದುಕ್ಯಾಕೆ ಅಷ್ಟು ಯೋಚ್ನೆ? ಮೇಯಕ್ಕೆ ಹೋಗೋ ಎಮ್ಮೆಗೆ ಹಗ್ಗ ಬಿಚ್ಬೇಕು. ಕೊಟ್ಟಿಗೇಲಿ ನಿಂತಿರೋ ಎಮ್ಮೆಗೆ ಹಗ್ಗ ಇದ್ರೆ ಏನ್ಲಾ ನಷ್ಟ?"

ಎರಡು ವಾರ ನಾನು ಓದಿ, ಗುಣಿಸಿ, ಭಾಗಿಸಿ ಕಾಣದ ವಿವೇಕ ಎಮ್ಮೆಯ ಗೊಂತಿನ ಹತ್ತಿರ ಸಿಕ್ಕಿತು. ತಂತಿಯಿಂದ ಬಾಧೆಯಾಗುವುದು ಚಲಿಸುವ ವಸ್ತುವಿಗೆ. ಮೌಸನ್ನು ಎಳೆದಾಡುವಾಗ ತಂತಿ ಮೇಜಿನ ಅಂಚಿಗೆ ಸಿಕ್ಕಿ ಜಗ್ಗುತ್ತದೆ. ಅದಕ್ಕೆ ಸ್ವಾತಂತ್ರ್ಯ ಬೇಕು. ಕೀಲಿಮಣೆ ಕೂತಲ್ಲಿ ಕೂತಿರುವುದು. ತಂತಿ ಕಿತ್ತರೆ ಅದಕ್ಕೆ ದೊರಕುವ ಸ್ವಾತಂತ್ರ್ಯವೇನು? ಮೇಲಾಗಿ ಮೌಸಿನ ಒಂದು ಚಲನೆ ತಪ್ಪಿದರೆ ಬಾಣದ ಗುರುತು ಎಲ್ಲಿದೆಯೆಂದು ಕಣ್ಣಿಗೇ ಕಾಣುತ್ತದೆ, ಕೈ ತಾನಾಗಿ ಸರಿಪಡಿಸುತ್ತದೆ. ಕೀಲಿಮಣೆಯ ಒಂದು ಅಂಕಿ ತಪ್ಪಿದರೆ ಕಾಣುವುದಿಲ್ಲ. ಅಂಗಡಿಗಳಲ್ಲಿ ಜನರ ಗುಪ್ತಸಂಖ್ಯೆ, ಖಾತೆಯ ಸಂಖ್ಯೆ ಹೊಡೆಯುವವರಿಗೆ ಇನ್ನೊಂದು ಎಚ್ಚರವೂ ಅಗತ್ಯ. 2016ರಲ್ಲಿ ಸಂಶೋಧಕರು ಕೆಲವು ನಿಸ್ತಂತು ಮೌಸ್ ಮತ್ತು ಕೀಲಿಮಣೆಗಳ ಗ್ರಾಹಕಗಳಿಗೆ ನೂರು ಮೀಟರಿನಷ್ಟು ದೂರದಿಂದ ಹೊರಗಿನವರು ಕೀಲಿಗಳನ್ನು ತೂರಿಸಬಹುದೆಂದು ತೋರಿಸಿಕೊಟ್ಟರು. ಆ ಮಾತು ಗೂಢಲಿಪಿಯಲ್ಲಿ ಇಲ್ಲದ್ದೇ ಕಾರಣ. ಆದ್ದರಿಂದ ನಿಸ್ತಂತು ಕೀಲಿಮಣೆ ಕೊಳ್ಳುವವರು ಗೂಢಲಿಪಿಯುಳ್ಳದ್ದನ್ನೇ ಕೇಳಿ ಕೊಳ್ಳಬೇಕು. ತಂತಿಯದಕ್ಕೆ ಆ ಗಾಳಿಯ ಭಯವೇ ಇಲ್ಲ.

ಸೋಮವಾರ ಅಂಗಡಿಗೆ ಹೋದೆ. "ಕೀಬೋರ್ಡು ವೈರಿನದು" ಎಂದು ಧೈರ್ಯವಾಗಿ ಹೇಳಿದೆ. ಅಪ್ಪನ ಶಾಸ್ತ್ರದ ಪ್ರಕಾರ ಮೌಸು ನಿಸ್ತಂತು ಆಗಬೇಕಾಗಿತ್ತು. ಅದಕ್ಕೆ ಐನೂರು ಎಂದರು. ಎರಡೂ ಸೇರಿ ಸರಿಯಾಗಿ ಸಾವಿರವಾಯಿತು. ಊರಿಗೆ ಹೋಗಲು ಬಸ್ಸಿನ ದುಡ್ಡು ಉಳಿಯುವುದಿಲ್ಲ. ಶಾಸ್ತ್ರಕ್ಕೂ ಜೇಬಿಗೂ ಜಗಳ ಬಂದಾಗ ಜೇಬು ಗೆಲ್ಲುವುದು ಲೋಕದ ರೀತಿ. ಬಾಲವಿರುವ ಇಲಿಯನ್ನೇ ಕೊಂಡೆ. ಪೆನ್‌ಡ್ರೈವ್ ಬೇಕಾದಾಗ ಇಲಿಯ ಬಾಲ ಕಿತ್ತು, ಲ್ಯಾಪ್‌ಟಾಪಿನ ಸ್ಪರ್ಶಫಲಕದ ಮೇಲೆ ಬೆರಳಾಡಿಸುತ್ತೇನೆ. ಉಳಿದದ್ದರಲ್ಲಿ ಬಸ್ಸಿನ ಖರ್ಚು ಕಳೆದು ಮಿಕ್ಕಿದ್ದನ್ನು ಅವ್ವನ ಕೈಗೆ ಹಿಂದಕ್ಕೆ ಕೊಟ್ಟೆ. ಅವಳು ಅದನ್ನು ಎಣಿಸದೆ ಸೆರಗಿಗೆ ಗಂಟು ಹಾಕಿಕೊಂಡಳು.

ಓದುಗ ಮಿತ್ರರಲ್ಲಿ ಯಾರಾದರೂ ಇದೇ ಗೊಂದಲದಲ್ಲಿದ್ದರೆ ನನ್ನ ಅನುಭವದ ಸಾರ ಇಷ್ಟು: ಯಂತ್ರ ಒಂದೇ ಮೇಜಿನ ಮೇಲಿರುವುದಾದರೆ, ಹಲವರು ಬಳಸುವುದಾದರೆ, ಅಂಕಿ ಅಕ್ಷರ ಉದುರಬಾರದ ಕೆಲಸವಾದರೆ ತಂತಿಯೇ ಲೇಸು. ಹೊತ್ತು ತಿರುಗುವವರಿಗೆ, ನಡೆದಾಡುತ್ತ ಪಾಠ ಹೇಳುವವರಿಗೆ, ಯುಎಸ್‌ಬಿ ಬಾಯಿ ಕಡಿಮೆಯಿರುವವರಿಗೆ ನಿಸ್ತಂತು ಒಳ್ಳೆಯದು. ಆದರೆ ಹೊಸ ಸೆಲ್ಲೊಂದು ಸದಾ ಚೀಲದಲ್ಲಿರಲಿ, ಡಾಂಗಲನ್ನು ಮೌಸಿನ ಹೊಟ್ಟೆಯಲ್ಲಿರುವ ಗೂಡಿನಲ್ಲೇ ಇಡುವ ಅಭ್ಯಾಸವಿರಲಿ. ಯಾವುದನ್ನೇ ಕೊಂಡರೂ ಹೊಡೆದದ್ದನ್ನು ಒಮ್ಮೆ ಓದಿ ನೋಡುವ ಕೆಲಸವನ್ನು ತಂತಿಯೂ ಮಾಡುವುದಿಲ್ಲ, ಅಲೆಯೂ ಮಾಡುವುದಿಲ್ಲ.

ಆ ಅಜ್ಜ ಕಳೆದ ತಿಂಗಳು ಮತ್ತೆ ಅಂಗಡಿಗೆ ಬಂದಿದ್ದರು. ದಾರಿಯ ವಿಚಾರ ಇನ್ನೂ ಮುಗಿದಿಲ್ಲವಂತೆ. ಸ್ಥಳ ನೋಡಲು ಬರುತ್ತೇವೆಂದು ಹೇಳಿದ್ದಾರಂತೆ. ಈ ಸಲ ಬೇರೆ ಒಂದು ಕಾಗದ ಬರೆಸಬೇಕಾಗಿತ್ತು. ಮಾಲೀಕರು ಬಿಡುವಾಗಿ ಕುಳಿತಿದ್ದರು. ಆದರೂ ಅಜ್ಜ, "ಆ ಓದಿ ಹೇಳೋ ಹುಡುಗ ಬರ್ಲಿ" ಎಂದು ಬೆಂಚಿನ ಮೇಲೆ ಕುಳಿತು ಕಾದಿದ್ದರಂತೆ. ಈ ವರ್ಷ ನನಗೆ ಬಿ.ಎ. ಪದವಿ ಬರುವುದೋ ಇಲ್ಲವೋ, ಪರೀಕ್ಷೆಯ ಮೇಲಿದೆ. ಈ ಒಂದು ಪದವಿ ಮಾತ್ರ ಬಂದಿದೆ.